ಎರಡನೆಯ ಗುಂಡಿ

ಸೋಮವಾರ, ೫ ಜನವರಿ ೧೯೭೬

ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಯಾರ ತಲೆಯ ಮೇಲಾದರೂ ಏನಾದರೂ ಎತ್ತಿ ಹಾಕಿಬಿಡುತ್ತೇನೆ. ಕನ್ನಡದಲ್ಲೇ ಬರೆಯುವುದು ಕ್ಷೇಮ. ಅಕ್ಕಲಕೋಟದ ನಮ್ಮ ಹೈಸ್ಕೂಲಿನಲ್ಲಿ ಎಲ್ಲರೂ ಓದುವುದು ಮರಾಠಿ, ಸೊಲ್ಲಾಪುರದ ಮನೆಯಲ್ಲಿ ಅಣ್ಣನ ಮಕ್ಕಳು ಓದುವುದೂ ಮರಾಠಿ. ಕನ್ನಡ ಆಡಲು ಎಲ್ಲರಿಗೂ ಬಾಯಿದೆ, ಓದಲು ಯಾರಿಗೂ ಕಣ್ಣಿಲ್ಲ. ಅವ್ವ ಒಬ್ಬಳು ಓದಬಲ್ಲಳು, ಅವಳಿಗೆ ಪುರಸೊತ್ತಿಲ್ಲ.

ಹೆಡ್‌ಮಾಸ್ತರ ಶಿವಶರಣಪ್ಪನವರು ಕರೆಸಿದ್ದರು. ಫೆಬ್ರವರಿ ಐದಕ್ಕೆ ಸೊಲ್ಲಾಪುರದಲ್ಲಿ ಜಿಲ್ಲಾ ವಿಜ್ಞಾನ ಪ್ರದರ್ಶನ. ಹೋದ ವರ್ಷ ನಮ್ಮ ಶಾಲೆಯವರು ಮಣ್ಣಿನ ಜ್ವಾಲಾಮುಖಿ ಒಯ್ದು ನಗೆಗೀಡಾಗಿದ್ದರಂತೆ. ಈ ಸಲ ಹೊಸದು ಬೇಕು ಅಂದರು. ನಾನು ಹಿಂದೆ ಮುಂದೆ ನೋಡದೆ, ಟ್ರಾನ್ಸಿಸ್ಟರ್‌ಗಳಿಂದ ಗೇಟು ಮಾಡುತ್ತೇನೆ, ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಅಂಥವೇ ಸಾವಿರಾರು ಗೇಟುಗಳು ಅಂದುಬಿಟ್ಟೆ. ಕಂಪ್ಯೂಟರ್ ಎಂಬ ಶಬ್ದ ಕೇಳಿ ಅವರ ಮುಖ ಅರಳಿತು. ಅಲ್ಲಿಂದ ಪುಣೆಗೆ ಆಯ್ಕೆಯಾದರೆ ಜೂನಿನಿಂದ ನೀವು ಪರ್ಮನಂಟ್, ಇಲ್ಲವಾದರೆ ಏಪ್ರಿಲ್ ಮೂವತ್ತಕ್ಕೆ ನಮಸ್ಕಾರ ಅಂದರು. ಅಷ್ಟೇ ನಗುತ್ತ ಹೇಳಿದರು ಎರಡನ್ನೂ.

ಅಪ್ಪನಿಗೂ ಇದೇ ಬೇಕಾಗಿತ್ತು. ಚಾದರ ವ್ಯಾಪಾರಿ ಶಾಂತಪ್ಪನ ಮಗಳು ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಕೆಲಸಕ್ಕೆ ಹೋಗುವುದು ಅವರಿಗೆ ಅವಮಾನ. "ಒಂದು ವರ್ಷ ಅಂದ್ರ ಒಂದು ವರ್ಷ ನೀಲಗಂಗಾ. ಪರ್ಮನಂಟ್ ಆದ್ರ ಕಲಸು. ಇಲ್ಲಂದ್ರ ಬಾರ್ಶಿಯವರಿಗಿ ನಾ ಹೂಂ ಅಂತೀನಿ" ಎಂದಿದ್ದಾರೆ. ಬಾರ್ಶಿಯವರೆಂದರೆ ಹೆಂಡತಿ ಸತ್ತ, ಎಣ್ಣೆ ಗಾಣದ, ನಲವತ್ತೆರಡು ವರ್ಷದ ಒಬ್ಬ ಮನುಷ್ಯ. ನನಗೆ ಇಪ್ಪತ್ತಾರು.

ಲ್ಯಾಬಿನ ಸಿಪಾಯಿ ಬಂಡೆಪ್ಪ ನನಗೆ ಸಹಾಯ ಮಾಡಬೇಕಂತೆ. ಬೇರೆ ಯಾರೂ ಸಿಗಲಿಲ್ಲವೇ ಇವರಿಗೆ? ಜೂನಿನಲ್ಲಿ ನಾನು ಸೇರಿದ ದಿನವೇ ಗಾಜಿನ ಸಾಮಾನನ್ನೆಲ್ಲ ನಾನೇ ಒಂದೊಂದಾಗಿ ಎಣಿಸಿ ಅವನ ಸಹಿ ಹಾಕಿಸಿಕೊಂಡಿದ್ದೆ. "ಎಣಸೂದು ನನಗ ಬರ್ತದ್ರಿ ಬಾಯಾರ. ಕುರಿ ಎಣಿಸಿ ಬೆಳದವ ನಾ" ಅಂದಿದ್ದ. ಆ ದಿನದಿಂದ ಅವನು ನನ್ನ ಕಣ್ಣಿಗೆ ಕಣ್ಣು ಕೊಟ್ಟಿಲ್ಲ. ಕೊಡುವುದೂ ಬೇಡ.

ಗುರುವಾರ, ೮ ಜನವರಿ

ನಿನ್ನೆ ಸೊಲ್ಲಾಪುರದ ರೇಡಿಯೊ ಅಂಗಡಿಯಲ್ಲಿ ಆರು ಟ್ರಾನ್ಸಿಸ್ಟರ್ ತಂದೆ. ಕಡಲೆಕಾಳಿನಷ್ಟು ದೊಡ್ಡವು, ಮೂರು ಮೂರು ಕಾಲು. ಒಂದು ಕಾಲಿಗೆ ಚೂರೇ ಚೂರು ವಿದ್ಯುತ್ ಕೊಟ್ಟರೆ ಸಾಕು, ಉಳಿದೆರಡು ಕಾಲುಗಳ ನಡುವೆ ದಾರಿ ತೆರೆದು ಬಲ್ಬು ಹತ್ತುತ್ತದೆ. ಅಂಗಡಿಯವನು ನನ್ನನ್ನು ಕೇಳುವ ಬದಲು ಹಿಂದೆ ನಿಂತ ಗಿರಾಕಿಯನ್ನು ಕೇಳಿದ, ಇವರಿಗೆ ಏನು ಬೇಕಂತೆ ಎಂದು.

ಮೂರು ಹಲಗೆ ಮಾಡುತ್ತೇನೆ, ಒಂದೊಂದೂ ಒಂದೊಂದು ಗೇಟು. ಮೊದಲನೆಯದರಲ್ಲಿ ಎರಡು ಗುಂಡಿಗಳ ಪೈಕಿ ಯಾವುದನ್ನು ಒತ್ತಿದರೂ ದೀಪ ಹತ್ತಬೇಕು. ಎರಡನೆಯದು ಒಂದೇ ಗುಂಡಿಯದು, ಒತ್ತಿದರೆ ಆರಬೇಕು, ಬಿಟ್ಟರೆ ಉರಿಯಬೇಕು. ಅದು ಅಪ್ಪನ ಸ್ವಭಾವದ ಹಲಗೆ. ಮೂರನೆಯದರಲ್ಲಿ ಎರಡೂ ಗುಂಡಿ ಕೂಡಿಯೇ ಒತ್ತಬೇಕು, ಒಂದರಿಂದ ಏನೂ ಆಗಬಾರದು. ಅದು ನಮ್ಮ ಅಂಗಡಿಯ ತಿಜೋರಿ. ಅದಕ್ಕೆ ಎರಡು ಕೀಲಿ, ಒಂದು ಅಪ್ಪನ ಹತ್ತಿರ, ಇನ್ನೊಂದು ದೊಡ್ಡಪ್ಪನ ಹತ್ತಿರ. ಅವರಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಒಬ್ಬರು ಗೋಡೆ ನೋಡುತ್ತ, ಇನ್ನೊಬ್ಬರು ಬೀದಿ ನೋಡುತ್ತ, ತಮ್ಮ ತಮ್ಮ ಕೀಲಿ ತಿರುಗಿಸುತ್ತಾರೆ. ತಿಜೋರಿ ತೆರೆಯುತ್ತದೆ. ಅದಕ್ಕೆ ಇವರ ಜಗಳ ಕಟ್ಟಿಕೊಂಡು ಏನಾಗಬೇಕು?

ಇವತ್ತು ಬಂಡೆಪ್ಪನಿಗೆ ಸರಿಯಾಗಿ ಹೇಳಿದೆ. ಅವನು ತಡವಳದವನು, ಕುರಿಯವರ ಮನೆತನ, ಬೀರೋಬ ದೇವರ ಒಕ್ಕಲು. ಹಣೆಯ ತುಂಬ ಭಂಡಾರ ಬಳಿದುಕೊಂಡು ಬರುತ್ತಾನೆ. ದೇವರ ಅರಿಶಿನವಂತೆ. ಅವನು ಮುಟ್ಟಿದ ಗಾಜಿನ ಮೇಲೆಲ್ಲ ಹಳದಿ ಬೆರಳು, ಒರೆಸಿ ಒರೆಸಿ ನನಗೆ ಸಾಕಾಗಿದೆ. ಆ ಹುಡಿ ತಂತಿಯ ಮೇಲೆ ಉದುರಿದರೆ ಉಪಕರಣ ಕೆಡುತ್ತದೆ, ಇನ್ನು ಮೇಲೆ ಹಣೆ ತೊಳೆದುಕೊಂಡು ಲ್ಯಾಬಿಗೆ ಬಾ ಅಂದೆ. ಅವನು ಹೊರಗಿನ ನಲ್ಲಿಗೆ ಹೋಗಿ ತೊಳೆದುಕೊಂಡು ಬಂದ. ನೀರು ಅಂಗಿಯ ಮೇಲೆಲ್ಲ ಸುರಿಯುತ್ತಿತ್ತು. "ಆತ್ರಿ ಬಾಯಾರ" ಅಂದ. ಆಗಲೇಬೇಕು.

ಮಂಗಳವಾರ, ೧೩ ಜನವರಿ

ಎರಡು ಬೆರಳು ಸುಟ್ಟಿವೆ. ಆದರೂ ಖುಷಿ. ಮೊದಲ ಎರಡು ಹಲಗೆ ಮುಗಿದವು!

ಬೆಳಿಗ್ಗೆ ಎಂಟರ ಬಸ್ಸು ಹಿಡಿಯುತ್ತೇನೆ. ದಾರಿಯ ಕುಂಭಾರಿಯಲ್ಲಿ ತುಂಬುವ ಜನ ಇಳಿಯುವುದರೊಳಗೆ ಒಂಬತ್ತೂಕಾಲು. ಶಾಲೆ ಹನ್ನೊಂದಕ್ಕೆ. ಆ ನಡುವಿನ ಹೊತ್ತು ಮಾತ್ರ ನನ್ನದು. ಲ್ಯಾಬಿನ ಬಾಗಿಲು ತೆರೆದೇ ಇರುತ್ತದೆ, ಬಂಡೆಪ್ಪ ಗುಡಿಸಿ ಹೋಗಿರುತ್ತಾನೆ. ಕೈಕಾಲು ತೊಳೆದು, ಪರ್ಸಿನ ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಲ್ಲಿ ತೇಯ್ದು ಹಲಗೆಯ ತಲೆಗೆ ಮೂರು ಪಟ್ಟೆ ಎಳೆದು ಕೆಲಸಕ್ಕೆ ಕೂರುತ್ತೇನೆ. ಅಂಗಡಿಯಲ್ಲಿ ಅಪ್ಪ ತಿಜೋರಿಗೆ, ಅಳತೆಯ ಗಜಕ್ಕೆ, ಹೊಸ್ತಿಲಿಗೆ ದಿನಾ ಹೀಗೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಪಟ್ಟೆ ಕಾಣದ ವಸ್ತುವೆಂದರೆ ಹಾಲು ಮಾತ್ರ.

ಹಲಗೆಗಳು ಚಾದರದ ಪೆಟ್ಟಿಗೆಯಿಂದ ಕಿತ್ತವು. ಹಿತ್ತಾಳೆ ಸ್ಕ್ರೂ ಹೊಡೆದು, ಅವುಗಳಿಗೆ ತಂತಿ ಸುತ್ತಿ ಸೋಲ್ಡರ್ ಹಾಕಬೇಕು. ಸೋಲ್ಡರ್ ಅಂಟದೆ ಉಂಡೆಯಾಗಿ ಉರುಳಿ ಬೀಳುತ್ತಿತ್ತು. ಬಂಡೆಪ್ಪ ಬಾಗಿಲ ಹತ್ತಿರ ನಿಂತವನು, ಕಾದ ಮೊನೆಯನ್ನು ಹಸಿ ಬಟ್ಟೆಗೆ ಒರೆಸಿ ಹಚ್ಚಬೇಕೆಂದು ಸಲಹೆ ಕೊಟ್ಟ. ಆರು ವರ್ಷ ಯಾವುದೋ ರೇಡಿಯೊ ರಿಪೇರಿಯವನ ಹತ್ತಿರ ಇದ್ದನಂತೆ. ನಿನ್ನ ಕಸಬರಿಗೆ ನೀನು ನೋಡಿಕೋ ಅಂದೆ. ಅವನು ಹೋದ ಮೇಲೆ ಹಸಿ ಬಟ್ಟೆಗೆ ಒರೆಸಿ ನೋಡಿದೆ. ಅಂಟಿತು. ಹಾಳಾಗಲಿ.

ಸೋಮವಾರ, ೧೯ ಜನವರಿ

ಮೂರನೆಯ ಹಲಗೆ ನನ್ನ ರಕ್ತ ಕುಡಿಯುತ್ತಿದೆ.

ಇದರಲ್ಲಿ ಎರಡು ಟ್ರಾನ್ಸಿಸ್ಟರ್ ಒಂದರ ಮೇಲೊಂದು ಬರುತ್ತವೆ, ಆದ್ದರಿಂದ ತಂತಿ, ಸ್ಕ್ರೂ ಎಲ್ಲ ಹಲಗೆಯ ತಲೆಯವರೆಗೂ ಹತ್ತಿವೆ. ಗುಂಡಿಗಳಿಗೆ ಉದ್ದ ತಂತಿ ಕೊಟ್ಟು ಮೇಜಿನ ಆ ತುದಿಗೊಂದು ಈ ತುದಿಗೊಂದು ಇಟ್ಟಿದ್ದೇನೆ. ಇಬ್ಬರು ಬೇಕು ಎಂಬುದು ನೋಡುವವರಿಗೆ ಕಾಣಬೇಕಲ್ಲ. ಶುಕ್ರವಾರ ಮಧ್ಯಾಹ್ನ ಚೆನ್ನಾಗಿ ನಡೆದಿತ್ತು. ಇವತ್ತು ಬೆಳಿಗ್ಗೆ ಎರಡನೆಯ ಗುಂಡಿ ಒಂದನ್ನೇ ಒತ್ತಿದರೂ ದೀಪ ಹತ್ತುತ್ತಿದೆ! ತಿಜೋರಿ ದೊಡ್ಡಪ್ಪನ ಕೀಲಿ ಒಂದಕ್ಕೇ ತೆರೆದ ಹಾಗಾಯಿತು. ಒಂದು ಗಂಟೆ ತಿಣುಕಿದೆ, ಎಲ್ಲ ತಂತಿ ಜಗ್ಗಿ ನೋಡಿದೆ. ಕೆಟ್ಟ ಮುಖ ಹೊತ್ತು ತರಗತಿಗೆ ಹೋದೆ. ಮೂರು ಗಂಟೆಗೆ ಬಂದು ನೋಡಿದರೆ ಏನೂ ಆಗಿಲ್ಲದ ಹಾಗೆ ಸರಿಯಾಗಿದೆ.

ಮಂಗಳವಾರ, ೨೦ ಜನವರಿ

ಬೆಳಿಗ್ಗೆ ತಪ್ಪು. ಮಧ್ಯಾಹ್ನ ಸರಿ. ನನ್ನ ತಲೆ ಕೆಟ್ಟು ಹೋಗಿದೆ.

ಬುಧವಾರ, ೨೧ ಜನವರಿ

ಮತ್ತೆ ಅದೇ. ನಾನು ಬರುವ ಮುಂಚೆ ಲ್ಯಾಬಿನ ಕೀಲಿ ಯಾರ ಹತ್ತಿರ ಇರುತ್ತದೆ? ನಾನು ತರಗತಿಯಲ್ಲಿರುವಾಗ ಯಾರು ಒಳಗಿರುತ್ತಾರೆ? ಕೆಡಿಸುವವನು ಬೆಳಿಗ್ಗೆ ಕೆಡಿಸುತ್ತಾನೆ, ಮಧ್ಯಾಹ್ನ ತಾನೇ ಸರಿ ಮಾಡಿ ನನ್ನನ್ನು ಹುಚ್ಚಿ ಮಾಡುತ್ತಾನೆ. ರೇಡಿಯೊ ರಿಪೇರಿ ಬಲ್ಲವನಿಗೆ ಅದೇನು ದೊಡ್ಡದು? ಹಣೆ ತೊಳೆಸಿದ್ದಕ್ಕೆ ಹಗೆ ತೀರಿಸುತ್ತಿದ್ದಾನೆ.

ಗುರುವಾರ, ೨೨ ಜನವರಿ

ಸಿಕ್ಕಿಬಿದ್ದ.

ಎರಡನೆಯ ತಾಸಿನ ಹುಡುಗರಿಗೆ ಲೆಕ್ಕ ಕೊಟ್ಟು ಸದ್ದಿಲ್ಲದೆ ಬಂದೆ. ಬಂಡೆಪ್ಪ ನನ್ನ ಹಲಗೆಯ ಮೇಲೆ ಬಾಗಿದ್ದ. ಕೈಯಲ್ಲಿ ಒಂದು ಬಟ್ಟೆ. ಹಲಗೆಯ ತಲೆಯ ಹತ್ತಿರ ಏನೋ ಮಾಡುತ್ತಿದ್ದ. ಏನು ಮಾಡುತ್ತಿದ್ದೀಯ ಅಂದೆ. ಬೆಚ್ಚಿಬಿದ್ದ. ಧೂಳು ಒರೆಸುತ್ತಿದ್ದೆ ಅಂದ. ಲ್ಯಾಬಿನ ಕಿಟಕಿಯ ಮೇಲೆ ಒಂದು ಬೆರಳು ದಪ್ಪ ಧೂಳಿದೆ, ಕಪಾಟಿನ ಮೇಲೆ ಇನ್ನೂ ಹೆಚ್ಚಿದೆ, ಇವನಿಗೆ ಕಂಡದ್ದು ನನ್ನ ಹಲಗೆಯ ಧೂಳು ಮಾತ್ರ! ಇಡೀ ಶಾಲೆಗೆ ಕೇಳುವ ಹಾಗೆ ಕೂಗಾಡಿದೆ. ಅವನು ಬಟ್ಟೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಒಂದೇ ಒಂದು ಮಾತಾಡಲಿಲ್ಲ. ಕಳ್ಳ ಅಲ್ಲದಿದ್ದರೆ ಮಾತಾಡುತ್ತಿದ್ದ.

ಹೆಡ್‌ಮಾಸ್ತರರು ಬರೆದು ಕೊಡಿ ಅಂದರು. ಅಲ್ಲೇ ಕೂತು ಎರಡು ಪುಟ ಬರೆದೆ. ದ್ವೇಷದಿಂದ ಶಾಲೆಯ ಉಪಕರಣವನ್ನು ಬೇಕೆಂದೇ ಕೆಡಿಸುತ್ತಿದ್ದಾನೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು. ಅವರು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು, ಬಹಳ ಚೆನ್ನಾಗಿ ಬರೆದಿದ್ದೀರಿ ಅಂದರು.

ಶನಿವಾರ, ೨೪ ಜನವರಿ

ಬಂಡೆಪ್ಪನಿಗೆ ಮೆಮೊ ಕೊಟ್ಟಿದ್ದಾರೆ. ವಿಚಾರಣೆ ಫೆಬ್ರವರಿ ಹನ್ನೆರಡಕ್ಕೆ, ಆಡಳಿತ ಮಂಡಳಿಯ ಮುಂದೆ. ಅಲ್ಲಿಯತನಕ ಲ್ಯಾಬಿಗೆ ಕಾಲಿಡುವಂತಿಲ್ಲ, ಗೇಟಿನಲ್ಲಿ ನಿಂತಿರಬೇಕು. ಈಗ ತುರ್ತು ಪರಿಸ್ಥಿತಿ, ಕಾಲ ಹೆಡ್‌ಮಾಸ್ತರರಂಥವರದು. ಬಸ್ಸಿನ ಹಿಂದೆಲ್ಲ ಶಿಸ್ತಿನ ಘೋಷಣೆ ಬರೆದಿರುವ ಕಾಲ, ಒಬ್ಬ ಸಿಪಾಯಿಯನ್ನು ತೆಗೆದರೆ ಕೇಳುವವರು ಯಾರು? ತೆಗೆಯಲಿ. ಹದಿಮೂರು ವರ್ಷದ ನೌಕರಿಯಂತೆ. ಹದಿಮೂರು ವರ್ಷ ಏನು ಕಲಿತ?

ಅರ್ಧ ದಿನದ ಶಾಲೆ ಮುಗಿಸಿ ಹಲಗೆಯನ್ನು ಚಾದರದಲ್ಲಿ ಸುತ್ತಿ ಮನೆಗೆ ತಂದೆ. ಗೇಟಿನಲ್ಲಿ ಅವನು ನಿಂತಿದ್ದ. ಈಗ ಲ್ಯಾಬಿಗೆ ಬರುವುದಿಲ್ಲವಲ್ಲ, ಹಣೆಯ ಮೇಲೆ ಭಂಡಾರ ಇರಬಹುದಿತ್ತು. ಇರಲಿಲ್ಲ. ಅದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಭಾನುವಾರ, ೨೫ ಜನವರಿ

ಹೇಗೆ ಬರೆಯಲಿ? ಕ್ರಮವಾಗಿ ಬರೆಯುತ್ತೇನೆ.

ರಾತ್ರಿ ಹಲಗೆ ಅವ್ವನ ಕಪಾಟಿನಲ್ಲಿ ಬೀಗದೊಳಗಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಗೆ ತೆಗೆದೆ. ಅಪ್ಪನೂ ಪೂಜೆಯಿಂದ ಎದ್ದಿದ್ದರು. ಪೆಟ್ಟಿಗೆಯ ಹಲಗೆ ತಮ್ಮದೇ ಎಂದು ಗುರುತು ಹಿಡಿದು, ಗೊಣಗುತ್ತಲೇ ಮೂರು ಪಟ್ಟೆ ಎಳೆದರು, ನಾನೂ ಎಳೆದೆ. ಎರಡನೆಯ ಗುಂಡಿ ಒತ್ತಿದೆ. ದೀಪ ಹತ್ತಿತು.

ಬಂಡೆಪ್ಪ ಇಲ್ಲಿಂದ ಇಪ್ಪತ್ತೈದು ಮೈಲಿ ದೂರವಿದ್ದಾನೆ. ನನಗೆ ಮೊದಲು ಹೊಳೆದದ್ದು ಏನೆಂದರೆ ಟ್ರಾನ್ಸಿಸ್ಟರನ್ನೇ ಸುಟ್ಟಿದ್ದಾನೆ ಎಂದು. ಹೊಸದು ಹಾಕಿದೆ. ಹತ್ತಿತು. ಮೊದಲನೆಯ ಗುಂಡಿಯ ತಂತಿಯನ್ನೇ ಕಿತ್ತು ಬಿಸಾಕಿದೆ. ಆದರೂ ಎರಡನೆಯದರಿಂದ ಹತ್ತಿತು! ಅಂದರೆ ತಂತಿಯಿಲ್ಲದ ಯಾವುದೋ ದಾರಿಯಿಂದ ವಿದ್ಯುತ್ ಮೇಲಿನ ಟ್ರಾನ್ಸಿಸ್ಟರಿಗೆ ಹೋಗುತ್ತಿದೆ. ಕಟ್ಟಿಗೆ ಸೀಳಿದೆಯೇನೋ ಎಂದು, ಗುಂಡಿಯನ್ನು ಅವ್ವನ ಕೈಗೆ ಕೊಟ್ಟು ಒತ್ತಿ ಹಿಡಿ ಅಂದೆ, ಬೆರಳಿನಿಂದ ಹಲಗೆಯನ್ನು ಸವರುತ್ತ ಹೋದೆ. ತಲೆಯ ಹತ್ತಿರ ಬಂದಾಗ ದೀಪ ಮಿಣುಕಿತು. ಬೆರಳು ನೋಡಿಕೊಂಡೆ. ಬೆಳ್ಳಗಿತ್ತು, ಒದ್ದೆಯಾಗಿತ್ತು.

ಒಂದು ಕಡೆ ಸೆಲ್ಲಿನ ಸ್ಕ್ರೂ, ಇನ್ನೊಂದು ಕಡೆ ಟ್ರಾನ್ಸಿಸ್ಟರಿನ ಸ್ಕ್ರೂ, ನಡುವೆ ನನ್ನ ವಿಭೂತಿಯ ಪಟ್ಟೆ. ಒದ್ದೆ ಬೂದಿಯಲ್ಲಿ ವಿದ್ಯುತ್ ಹರಿಯುತ್ತದೆ. ನಾನೇ ಒಂಬತ್ತನೆಯ ತರಗತಿಗೆ ಕಲಿಸಿದ ಪಾಠ. ಸೆರಗಿನಿಂದ ಒರೆಸಿದೆ, ದೀಪ ಆರಿತು. ಮತ್ತೆ ತೇಯ್ದು ಹಚ್ಚಿದೆ, ಹತ್ತಿತು. ಐದು ಸಲ ಮಾಡಿದೆ. ಅವ್ವ ಕೈ ನೋಯುತ್ತಿದೆ ಎಂದು ಗುಂಡಿ ಇಟ್ಟು ರೊಟ್ಟಿ ಬಡಿಯಲು ಹೋದಳು.

ಬೆಳಿಗ್ಗೆ ಕೆಡಿಸುತ್ತಿದ್ದವಳು ನಾನು. ಮಧ್ಯಾಹ್ನ ಸರಿ ಮಾಡುತ್ತಿದ್ದವನು ಅವನು. ಆ ಬಟ್ಟೆ.

ಅಂದರೆ ಅವನಿಗೆ ಗೊತ್ತಿತ್ತು! ನಾಲ್ಕು ದಿನ ನಾನು ಅಲ್ಲಿ ಬೆವರು ಸುರಿಸುತ್ತ ತಂತಿ ಜಗ್ಗುತ್ತಿದ್ದಾಗ, ಕಾರಣ ಇಂಥದ್ದು ಎಂದು ಗೊತ್ತಿದ್ದೂ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ. ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮೈಯೆಲ್ಲ ಉರಿಯುತ್ತಿದೆ. ಇಂಥವನಿಗೆ ಮೆಮೊ ಸಿಕ್ಕದ್ದು ಸರಿಯೇ ಆಯಿತು.

ಸೋಮವಾರ, ೨೬ ಜನವರಿ

ಝೆಂಡಾವಂದನೆ. ಹಗ್ಗ ಕಟ್ಟಿದ್ದು ಬಂಡೆಪ್ಪ. ಎಳೆದದ್ದು ಹೆಡ್‌ಮಾಸ್ತರರು. ನಾನು ಅವನ ಹತ್ತಿರ ಹೋಗಬೇಕೆಂದು ಎರಡು ಸಲ ಎದ್ದು ಎರಡು ಸಲ ಕೂತೆ. ಮಕ್ಕಳಿಗೆ ಪೇಢೆ ಹಂಚಿದರು.

ಬುಧವಾರ, ೨೮ ಜನವರಿ

ಹೆಡ್‌ಮಾಸ್ತರರಿಗೆ ಹೇಳಿದೆ. ವಿಭೂತಿ ಎಂದು ಹೇಳಲು ನಾಲಿಗೆ ಬರಲಿಲ್ಲ. ಹಲಗೆಯ ಮೇಲೆ ಪಸೆ ಬಂದಿತ್ತು, ಬಂಡೆಪ್ಪನ ತಪ್ಪಿಲ್ಲ, ನನ್ನ ಕಾಗದ ವಾಪಸ್ ಕೊಡಿ ಅಂದೆ. ಅವರು ಎದ್ದು ಬಾಗಿಲು ಮುಚ್ಚಿದರು. ಬಂಡೆಪ್ಪನ ಜಾಗಕ್ಕೆ ಅವರ ತಂಗಿಯ ಮಗ ಕಾಯುತ್ತಿದ್ದಾನಂತೆ. ಮುಚ್ಚಿಡಲೂ ಇಲ್ಲ, ಚಹಾ ಕುಡಿಯುತ್ತ ಹೇಳಿದರು. "ಬಾಯಿ, ನಿಮ್ಮ ಪರ್ಮನಂಟ್ ಕಾಗದ, ಅವನ ಕಾಗದ ಎರಡೂ ಒಂದೇ ಟೇಬಲ್ ಮ್ಯಾಲ ಅವ. ಒಂದಕ್ಕ ಸಹಿ ಆತಂದ್ರ ಇನ್ನೊಂದಕ್ಕೂ ಆಗ್ತದ. ಇಲ್ಲಂದ್ರ ಯಾವದಕ್ಕೂ ಇಲ್ಲ."

ಎದ್ದು ಬಂದೆ.

ಅವನೇನು ನನ್ನ ಅಣ್ಣನೇ, ತಮ್ಮನೇ? ಅವನಿಗೆ ಹೊಲವಿದೆ, ಕುರಿಯಿವೆ, ಸೋಲ್ಡರ್ ಗೊತ್ತು, ಎಲ್ಲಿ ಹೋದರೂ ಬದುಕುತ್ತಾನೆ. ನನಗೆ ಈ ನೌಕರಿ ಹೋದರೆ ಬಾರ್ಶಿಯ ಎಣ್ಣೆ ಗಾಣ. ಗೊತ್ತಿದ್ದೂ ಹೇಳದವನು ಅವನು. ಅವನಿಗಾಗಿ ನಾನು ಯಾಕೆ ಸಾಯಲಿ? ಕುಂಭಾರಿಯವರೆಗೂ ಇದನ್ನೇ ಹೇಳಿಕೊಂಡೆ. ಸರಿಯಾಗಿಯೇ ಇದೆ ಈ ವಾದ. ಊಟ ಮಾತ್ರ ಸೇರಲಿಲ್ಲ.

ಗುರುವಾರ, ೫ ಫೆಬ್ರವರಿ

ಆಯ್ಕೆಯಾಯಿತು. ಜಿಲ್ಲೆಗೆ ಎರಡನೆಯ ಸ್ಥಾನ, ಪುಣೆಗೆ ಕಳಿಸುತ್ತಾರೆ.

ಅಪ್ಪ ಅಂಗಡಿ ಬಿಟ್ಟು ನೋಡಲು ಬಂದಿದ್ದರು. ಎಲ್ಲ ಬಿಟ್ಟು ಹಲಗೆಯ ತಲೆಯನ್ನೇ ನೋಡಿದರು. ಇದರ ಹಣೆ ಯಾಕೆ ಬೋಳಾಗಿದೆ ಎಂದು ಕೇಳಿ, ಜೇಬಿನಿಂದ ಗಟ್ಟಿ ತೆಗೆದು ಮೇಜಿನ ಮೇಲಿದ್ದ ಲೋಟದ ನೀರಿಗೆ ಬೆರಳದ್ದಿಕೊಂಡರು. ಪರೀಕ್ಷಕರು ಪಕ್ಕದ ಮೇಜಿನವರೆಗೆ ಬಂದಿದ್ದರು. ನಾನು ಅಪ್ಪನ ಮುಂಗೈ ಹಿಡಿದೆ. ಹುಟ್ಟಿದಾಗಿನಿಂದ ಅಪ್ಪನ ಕೈಯನ್ನು ನಾನು ಹಾಗೆ ಹಿಡಿದಿರಲಿಲ್ಲ. ಬಿಡಿಸಿಕೊಂಡು, ನನ್ನ ಮುಖವನ್ನು ಪರರ ಮಗಳನ್ನು ನೋಡಿದ ಹಾಗೆ ನೋಡಿ, ಹೊರಟುಹೋದರು.

ಪರೀಕ್ಷಕರು ಒಂದು ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಇನ್ನೊಂದು ತುದಿಯ ಗುಂಡಿಯನ್ನು ನಾನು ಒತ್ತಿದೆ. ಹತ್ತಿತು. ಅವರು ಮಕ್ಕಳ ಹಾಗೆ ನಾಲ್ಕು ಸಲ ಒತ್ತಿ ನೋಡಿದರು. ಹೆಡ್‌ಮಾಸ್ತರರು ಎಲ್ಲರಿಗೂ ಇದು ನಮ್ಮ ಶಾಲೆಯ ಕಂಪ್ಯೂಟರ್ ಎಂದು ಹೇಳುತ್ತಿದ್ದರು. ನನ್ನ ಹತ್ತಿರ ಬಗ್ಗಿ, ಹನ್ನೆರಡನೆಯ ತಾರೀಖು ಒಂದು ಮಾತು ಹೌದು ಅಂದುಬಿಡಿ, ಮುಗಿಯಿತು ಅಂದರು.

ಬುಧವಾರ, ೧೧ ಫೆಬ್ರವರಿ

ನಾಳೆ. ಹೌದು ಅನ್ನುತ್ತೇನೆ. ಬೆಳಿಗ್ಗೆ ಎಂಟರ ಬಸ್ಸು, ಹನ್ನೊಂದಕ್ಕೆ ವಿಚಾರಣೆ, ಒಂದು ಮಾತು. ಬಟ್ಟೆ ಇಸ್ತ್ರಿ ಮಾಡಿಟ್ಟೆ. ಹಲಗೆಯನ್ನೂ ಚಾದರದಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ಒಯ್ಯಲು ಯಾರೂ ಹೇಳಿಲ್ಲ.

ಗುರುವಾರ, ೧೨ ಫೆಬ್ರವರಿ

ಮಂಡಳಿಯ ಐವರು ಕೂತಿದ್ದರು. ಐದು ಹಣೆ, ಐದು ವಿಭೂತಿ. ಬಂಡೆಪ್ಪ ಗೋಡೆಗೆ ನಿಂತಿದ್ದ. ಹೆಡ್‌ಮಾಸ್ತರರು ನನ್ನ ಎರಡು ಪುಟಗಳನ್ನು ಗಟ್ಟಿಯಾಗಿ ಓದಿದರು. ನನ್ನ ಮಾತುಗಳೇ. ಕೇಳುತ್ತ ಕೇಳುತ್ತ ಇದನ್ನು ಬರೆದವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇದು ನಿಮ್ಮದೇ ಕಾಗದವೇ ಎಂದು ಅಧ್ಯಕ್ಷರು ಕೇಳಿದರು.

ಕಾಗದ ನನ್ನದು, ಅದರಲ್ಲಿರುವುದು ಸುಳ್ಳು ಅಂದೆ.

ಹೆಡ್‌ಮಾಸ್ತರರು ಕೆಮ್ಮಿದರು. ನಾನು ಹಲಗೆಯನ್ನು ಮೇಜಿನ ಮೇಲಿಟ್ಟೆ. ಎರಡನೆಯ ಗುಂಡಿ ಒತ್ತಿ ತೋರಿಸಿದೆ, ಹತ್ತಲಿಲ್ಲ. ಪರ್ಸಿನಿಂದ ಗಟ್ಟಿ ತೆಗೆದು, ಅವರಿಗೆಂದು ಇಟ್ಟಿದ್ದ ಲೋಟದ ನೀರಿನಲ್ಲಿ ಬೆರಳದ್ದಿ ತೇಯ್ದೆ. ಪ್ರಾರ್ಥನೆ ಮಾಡುತ್ತಾಳೆಂದು ತಿಳಿದು ಒಬ್ಬರು ಕೈ ಮುಗಿದರು. ಮೂರು ಪಟ್ಟೆ ಎಳೆದು ಮತ್ತೆ ಅದೇ ಗುಂಡಿ ಒತ್ತಿದೆ. ಹತ್ತಿತು. ಬೆಳಿಗ್ಗೆ ಕೆಡಿಸುತ್ತಿದ್ದದ್ದು ಇದು, ಹಚ್ಚುತ್ತಿದ್ದವಳು ನಾನು, ಈ ಮನುಷ್ಯ ಒರೆಸಿ ಸರಿ ಮಾಡುತ್ತಿದ್ದ, ಅಷ್ಟನ್ನೇ ನಾನು ನೋಡಿದ್ದು ಅಂದೆ.

ಆಮೇಲೆ ಆದ ಗದ್ದಲ ಹೇಳತೀರದು. ವಿಭೂತಿಯಿಂದ ಯಂತ್ರ ಕೆಡುತ್ತದೆ ಎಂದು ಕಾಗದದಲ್ಲಿ ಬರೆಯುವುದೇ, ಅದೂ ನಮ್ಮ ಸಂಸ್ಥೆಯ ಕಾಗದದಲ್ಲಿ, ಎಂದು ಒಬ್ಬರು ಮೇಜು ಗುದ್ದಿದರು. ನೀರು ತಾಗಿತ್ತು ಎಂದು ಬರೆದು ಮುಗಿಸೋಣ ಅಂದರು ಅಧ್ಯಕ್ಷರು. ಬೇಡ ಅಂದೆ. ನೀರು ಎಂದು ಬರೆದರೆ ನೀರು ಚೆಲ್ಲಿದವರು ಯಾರು ಎಂಬ ಪ್ರಶ್ನೆ ನಾಳೆ ಮತ್ತೆ ಈ ಗೋಡೆಗೆ ನಿಂತವನ ಮೇಲೇ ಬರುತ್ತದೆ. ವಿಭೂತಿ ಎಂದೇ ಬರೆಯಬೇಕು, ನೀಲಗಂಗಾ ಶಾಂತಪ್ಪ ಹಚ್ಚಿ ಕೆಡಿಸಿದಳು ಎಂದೇ ಬರೆಯಬೇಕು, ನಾನು ಸಹಿ ಹಾಕುತ್ತೇನೆ.

ಅಷ್ಟು ಹೊತ್ತೂ ಅವನು ಸುಮ್ಮನೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆಯೇ ಅವನ ಕಡೆ ತಿರುಗಿ, ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಆಗ ಮೊದಲ ಸಲ ಅವನು ನನ್ನ ಕಣ್ಣು ನೋಡಿದ.

"ನನ್ನ ಹಣಿ ಮ್ಯಾಲಿನ ಭಂಡಾರ ಅಳಸಂದ್ರಿ ಬಾಯಾರ, ಅಳಸ್ಕೊಂಡೆ. ನಿಮ್ಮ ಈಬತ್ತಿ ಅಳಸ್ರಿ ಅಂತ ನಾ ಅಂದಿದ್ರ, ಇಲ್ಲಿ ಕುಂತವ್ರು ನನ್ನ ಬಿಡ್ತಿದ್ರೇನ್ರಿ? ಅದಕ್ಕ ಬಾಯಿ ಮುಚ್ಚಿ ಕೈಲೆ ಅಳಸಿದೆ."

ಗುಮಾಸ್ತ ಬರೆದದ್ದಕ್ಕೆ ಸಹಿ ಹಾಕಿ, ಹಲಗೆಯನ್ನು ಸುತ್ತಿಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಅವಮಾನಕ್ಕೆ ಅತ್ತೆ, ಬೇರೆ ಯಾವುದಕ್ಕೂ ಅಲ್ಲ.

ಸೋಮವಾರ, ೧೬ ಫೆಬ್ರವರಿ

ಎರಡೂ ಕಾಗದಕ್ಕೆ ಸಹಿಯಾಗಿದೆ. ಬಂಡೆಪ್ಪನ ಮೇಲಿನ ಮೆಮೊ ರದ್ದು. ನನ್ನ ಸೇವೆ ಏಪ್ರಿಲ್ ಮೂವತ್ತರ ನಂತರ ಬೇಕಾಗಿಲ್ಲ. ಹಲಗೆಯನ್ನು ಪುಣೆಗೆ ಹೆಡ್‌ಮಾಸ್ತರರು ತಾವೇ ಒಯ್ಯುತ್ತಾರಂತೆ. ಒಯ್ಯಲಿ. ಟ್ರಾನ್ಸಿಸ್ಟರಿನ ಯಾವ ಕಾಲು ಯಾವುದು ಎಂದು ಯಾರಾದರೂ ಕೇಳಲಿ ಅವರನ್ನು.

ಅಪ್ಪ ಬಾರ್ಶಿಯ ಮಾತು ತೆಗೆದರು. ಇಲ್ಲ ಅಂದೆ. ವಿಜಾಪುರದಲ್ಲಿ ಒಂದು ಕನ್ಯಾಶಾಲೆಗೆ ವಿಜ್ಞಾನದವರು ಬೇಕಾಗಿದ್ದಾರೆ, ಅರ್ಜಿ ಹಾಕಿದ್ದೇನೆ, ಆಗದಿದ್ದರೆ ಇನ್ನೊಂದಕ್ಕೆ ಹಾಕುತ್ತೇನೆ, ಗಾಣಕ್ಕೆ ಮಾತ್ರ ಹೋಗುವುದಿಲ್ಲ ಅಂದೆ. ಅಪ್ಪ ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ನಮ್ಮ ಮನೆಗೆ ಅದರಲ್ಲಿ ಒಂಬತ್ತು ವರ್ಷದ ಅನುಭವವಿದೆ.

ಮಂಗಳವಾರ, ೨ ಮಾರ್ಚ್

ಬಂಡೆಪ್ಪ ಲ್ಯಾಬಿಗೆ ಮರಳಿ ಎರಡು ವಾರವಾಯಿತು. ಇನ್ನೂ ಬೋಳು ಹಣೆಯಲ್ಲೇ ಬರುತ್ತಿದ್ದಾನೆ. ಇವತ್ತು, ಭಂಡಾರ ಹಚ್ಚಿಕೊಂಡು ಬಾ, ನನ್ನದೇನೂ ಅಡ್ಡಿಯಿಲ್ಲ ಅಂದೆ. "ನೀವು ಹೇಳಿದ್ರಂತ ಹಚ್ಚಾಂಗಿಲ್ರಿ" ಅಂದು ಕಸಬರಿಗೆ ತೆಗೆದುಕೊಂಡ. ಸೊಕ್ಕು ನೋಡು! ನನ್ನ ನೌಕರಿ ತಿಂದು ಕೂತಿದ್ದಾನೆ, ಒಂದು ಒಳ್ಳೆಯ ಮಾತಿಲ್ಲ.

ಶುಕ್ರವಾರ, ೩೦ ಏಪ್ರಿಲ್

ಕೊನೆಯ ದಿನ. ಲ್ಯಾಬಿನ ಸಾಮಾನು ಒಪ್ಪಿಸಿ ಹೋಗಬೇಕು, ತೆಗೆದುಕೊಳ್ಳುವವನು ಬಂಡೆಪ್ಪ. ಬಿಸಿಲಿಗೆ ತಗಡಿನ ಸೂರು ಕಾದು ಒಳಗೆ ನಿಲ್ಲುವಂತಿರಲಿಲ್ಲ. ಅವನು ಅವಸರವೇ ಇಲ್ಲದೆ ಒಂದೊಂದು ಪ್ರನಾಳವನ್ನೂ ಬೆಳಕಿಗೆ ಹಿಡಿದು ನೋಡಿ ಎಣಿಸಿದ. ಜೂನಿನಲ್ಲಿ ನಾನು ಎಣಿಸಿದ ಹಾಗೆಯೇ. ಟ್ರಾನ್ಸಿಸ್ಟರ್ ಒಂದು ಕಡಿಮೆ ಬಿತ್ತು, ಆ ಭಾನುವಾರ ಕಿತ್ತದ್ದು ಮನೆಯಲ್ಲೇ ಉಳಿದಿದೆ. ಕಡಿಮೆ ಎಂದು ಬರೆದು ಸಹಿ ಹಾಕ್ರಿ ಅಂದ. ಹಾಕಿದೆ. ಇವತ್ತು ಅವನ ಹಣೆಯ ತುಂಬ ಭಂಡಾರವಿತ್ತು. ನನ್ನ ಕೊನೆಯ ದಿನಕ್ಕೆಂದೇ ಹಚ್ಚಿಕೊಂಡು ಬಂದಿದ್ದನೋ ಏನೋ.

ಕೊನೆಗೆ ಉಳಿದದ್ದು ಮೂರನೆಯ ಹಲಗೆ. ಪುಣೆಯಿಂದ ಒಂದು ಮೂಲೆ ಮುರಿದು ಬಂದಿದೆ. ನಡೆಯುವುದನ್ನು ನೋಡದೆ ಸಹಿ ಹಾಕುವುದಿಲ್ಲ ಅಂದ. ಹುಡುಗರಿಗೆಲ್ಲ ರಜೆ, ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗುಂಡಿಗಳ ತಂತಿಯ ಸುರುಳಿ ಬಿಡಿಸಿ ಮೇಜಿನ ಆ ತುದಿಗೆ ಅವನು ಹೋಗಿ ನಿಂತ, ಈ ತುದಿಗೆ ನಾನು.

"ಒತ್ರಿ" ಅಂದ.

ಅವನು ಕಿಟಕಿ ನೋಡುತ್ತಿದ್ದ, ನಾನು ಬಾಗಿಲು ನೋಡುತ್ತಿದ್ದೆ. ದೀಪ ಹತ್ತಿದ್ದನ್ನು ಮಾತ್ರ ಇಬ್ಬರೂ ತಿರುಗಿ ನೋಡಿದೆವು. "ಬರೋಬರಿ ಅದ" ಎಂದು ಸಹಿ ಹಾಕಿದ. ಅವನ ತುದಿಯ ಗುಂಡಿಯ ಮೇಲೆ ಹೆಬ್ಬೆರಳಿನ ಹಳದಿ ಕಲೆ ಉಳಿದಿತ್ತು. ಒರೆಸು ಅನ್ನಬೇಕೆಂದು ಬಾಯಿ ತೆರೆದೆ. ಐದೂವರೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ಬಿಟ್ಟು ಬಂದೆ.